ದಾಸ್ಯವಿಮೋಚನೆಯ ವಾಗ್ಮಿ ಹೆನ್ರಿ ವಾರ್ಡ್ ಬೀಚರ್

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮಾತಿಗೆ ಮುತ್ತಿನಷ್ಟು ಬೆಲೆಯುಂಟು, ಆಡಿದ ಮಾತಿನ ಹೊಣೆಯಿಂದ ಆಡಿದವನು ತಪ್ಪಿಸಿಕೊಳ್ಳಲಾರನು ಎಂಬುದು ಅದರ ಅಭಿಪ್ರಾಯ. ನಮ್ಮ ಶಾಲೆಗಳಲ್ಲಿ ಪ್ರತಿವರ್ಷವೂ ಭಾಷಣ ಸ್ಪರ್ಧೆಗಳು ನಡೆಯುತ್ತವೆ. ಚೆನ್ನಾಗಿ ಮಾತನಾಡಿದ ಬಾಲಕ ಬಾಲಿಕೆಯರಿಗೆ ಬಹುಮಾನ ದೊರೆಯುತ್ತದೆ, ತಾಯಿತಂದೆಗಳು ಹಿಗ್ಗುತ್ತಾರೆ. ಇದು ಯುಕ್ತವೇ ಸರಿ. ಆದರೆ ಮಾತಿನ ಬಲದಿಂದ ಎಷ್ಟು ದೊಡ್ಡ ಉಪಕಾರ ಸಾಧ್ಯ, ಆ ಬಲವನ್ನು ಪಡೆದವನಿಗೆ ಎಷ್ಟು ದೊಡ್ಡ ಅಪಾಯಗಳು ಕಾದಿರುತ್ತವೆ ಎಂಬೆರಡನ್ನೂ ಒಟ್ಟಿಗೆ ತಿಳಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಧರ್ಮೋಪದೇಶಕನಾದ ಹೆನ್ರಿ ವಾರ್ಡ್ ಬೀಚರನ ಚರಿತ್ರೆಯನ್ನು ಓದಬೇಕು. ಗುಲಾಮಗಿರಿಯ ವಿರುದ್ಧ ಆತನು ಎತ್ತಿದ ಧ್ವನಿಯನ್ನು ಎರಡು ಖಂಡಗಳು ಕೇಳಿದುವು. ಅದೇ ಮನುಷ್ಯನನ್ನು ಮುಂದೆ ನ್ಯಾಯಸ್ಥಾನದ ಕಟಕಟೆಯಲ್ಲಿಯೂ ಲೋಕವು ಕಂಡಿತು. ಈ ಎರಡು ಚಿತ್ರಗಳಲ್ಲಿ ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಮಾತ್ರ ತೋರಿಸುವುದು ಚರಿತ್ರೆಯ ಧರ್ಮವಲ್ಲವಾದ್ದರಿಂದ ಎರಡನ್ನೂ ಇಲ್ಲಿ ನಿರೂಪಿಸುತ್ತೇವೆ.

ಗುಲಾಮಗಿರಿಯ ಸ್ವರೂಪ

ಬೀಚರನ ಕಾರ್ಯವನ್ನು ಅರಿಯುವ ಮೊದಲು ಆತನ ದೇಶದ ಸ್ಥಿತಿಯನ್ನು ಅರಿಯಬೇಕು. ಆಫ್ರಿಕದಿಂದ ಹಿಡಿದು ತಂದ ಮನುಷ್ಯರನ್ನು 1619ರಲ್ಲಿಯೇ ವರ್ಜೀನಿಯ ವಸಾಹತಿನಲ್ಲಿ ಮಾರಲಾಗಿತ್ತು. ಮುಂದೆ ಈ ವ್ಯಾಪಾರವು ಕಾನೂನಿನ ಆಶ್ರಯವನ್ನು ಪಡೆದು ಬೆಳೆಯಿತು. ಗುಲಾಮನೆಂದರೆ ಕೂಲಿಯಾಳಲ್ಲ, ಜೀತದಾಳೂ ಅಲ್ಲ; ಎತ್ತು, ಕುದುರೆಗಳಂತೆ ಆತನು ಒಡೆಯನ ಆಸ್ತಿ. ಗುಲಾಮಳಾದ ತಾಯಿಗೆ ಹುಟ್ಟಿದ ಮಗುವು ಹುಟ್ಟಿದ ಗಳಿಗೆಯಿಂದಲೇ ಒಡೆಯನ ಸೊತ್ತು. ಗಂಡನನ್ನು ಒಬ್ಬನಿಗೂ ಹೆಂಡತಿಯನ್ನು ಇನ್ನೊಬ್ಬನಿಗೂ ಮಕ್ಕಳನ್ನು ಮತ್ತೊಬ್ಬನಿಗೂ ಮಾರುವ ಅಧಿಕಾರ ಒಡೆಯನಿಗಿತ್ತು. ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವೆನಿಸಿತ್ತು. ಶಾಲೆಗೆ ಹೋಗುವ ನಮ್ಮ ಮಕ್ಕಳು ಈ ಒಂದು ಮಾತನ್ನು ನಿಂತು ಯೋಚಿಸಬೇಕು.

1793ರಲ್ಲಿ ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವು ನಿರ್ಮಿತವಾದ ಮೇಲೆ ಹತ್ತಿಯ ಬೇಸಾಯವು ವಿಪರೀತವಾಗಿ ಹಬ್ಬಿತು. ಅದರೊಡನೆ ಗುಲಾಮರ ಬೇಡಿಕೆಯೂ ಹೆಚ್ಚಿತು. 1860ರ ಜನಗಣತಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಗುಲಾಮರ ಸಂಖ್ಯೆ 39 ಲಕ್ಷ 50 ಸಾವಿರವನ್ನು ಮೀರಿತ್ತು. ದೇಶದ ಎಂಟು ಜನರಲ್ಲಿ ಒಬ್ಬನು ಗುಲಾಮನೆಂದಾಯಿತು. ಹೊಲವು ದಕ್ಷಿಣದ್ದಾದರೂ ಲಾಭವು ದಕ್ಷಿಣಕ್ಕೆ ಮಾತ್ರ ಸೇರಿದುದಲ್ಲ. ಆ ಹತ್ತಿಯನ್ನು ಸಾಗಿಸಿದವರು, ಅದಕ್ಕೆ ಸಾಲ ಕೊಟ್ಟವರು, ಅದನ್ನು ನೂತವರು ಉತ್ತರದ ಪಟ್ಟಣಗಳಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇದ್ದರು. ಆದ್ದರಿಂದ ಉತ್ತರದಲ್ಲಿ ಗುಲಾಮಗಿರಿಯು ಕಾನೂನಿನಿಂದ ರದ್ದಾಗಿದ್ದರೂ ಅದನ್ನು ಬಹಿರಂಗವಾಗಿ ಖಂಡಿಸುವವರು ವಿರಳವಾಗಿದ್ದರು. ಧರ್ಮಗುರುಗಳಲ್ಲಿಯೂ ಒಮ್ಮತವಿರಲಿಲ್ಲ. ಗುಲಾಮಗಿರಿಗೆ ಬೈಬಲಿನ ಸಮ್ಮತಿಯುಂಟೆಂದು ವಾದಿಸುವವರು ಒಂದು ಕಡೆ, ಅದು ಮಹಾಪಾಪವೆಂದು ಸಾರುವವರು ಇನ್ನೊಂದು ಕಡೆ. ಈ ವಿವಾದದಿಂದಲೇ 1844ರಲ್ಲಿ ಮೆಥಾಡಿಸ್ಟ್ ಪಂಥವೂ 1845ರಲ್ಲಿ ಬ್ಯಾಪ್ಟಿಸ್ಟ್ ಪಂಥವೂ ಉತ್ತರ ದಕ್ಷಿಣಗಳಾಗಿ ಒಡೆದುವು.

ತೊದಲುವ ಬಾಲಕ

ಹೆನ್ರಿ ವಾರ್ಡ್ ಬೀಚರನು 1813ನೆಯ ಜೂನ್ 24ರಂದು ಕನೆಕ್ಟಿಕಟ್ ಸಂಸ್ಥಾನದ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಲೈಮನ್ ಬೀಚರನು ಆ ಕಾಲದ ಪ್ರಖ್ಯಾತ ಧರ್ಮೋಪದೇಶಕ, ಕಟ್ಟುನಿಟ್ಟಿನ ಮನುಷ್ಯ. ಪಾಪ, ನರಕ, ದೇವರ ಕೋಪ ಎಂಬ ಮಾತುಗಳು ಆ ಮನೆಯಲ್ಲಿ ದಿನವೂ ಕೇಳಿಬರುತ್ತಿದ್ದುವು. ಹೆನ್ರಿಗೆ ಮೂರು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಳು. ಒಡಹುಟ್ಟಿದವರು ಹಲವರು, ಅವರಲ್ಲಿ ಆತನಿಗಿಂತ ಎರಡು ವರ್ಷ ಹಿರಿಯಳಾದ ಹ್ಯಾರಿಯೆಟ್ ಎಂಬ ಅಕ್ಕನೇ ಆತನಿಗೆ ಅತ್ಯಂತ ಆಪ್ತಳು. ಈಕೆಯೇ ಮುಂದೆ ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬ ಹೆಸರಿನಿಂದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಎಂಬ ಕಾದಂಬರಿಯನ್ನು ಬರೆದು ಲೋಕವಿಖ್ಯಾತಳಾದವಳು. 1852ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಆ ಕಾದಂಬರಿಯ ಮೂರು ಲಕ್ಷ ಪ್ರತಿಗಳು ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮಾರಾಟವಾದುವು.

ಬೆಳೆಯುವ ಪೈರಿನ ಗುಣ ಮೊಳಕೆಯಲ್ಲಿ ಎಂಬ ಗಾದೆಯು ಹೆನ್ರಿಯ ಪಾಲಿಗೆ ಸುಳ್ಳಾಯಿತು. ಬಾಲ್ಯದಲ್ಲಿ ಆತನು ಓದಿನಲ್ಲಿ ಹಿಂದೆ, ನಾಚಿಕೆಯ ಸ್ವಭಾವದವನು, ಮಾತಂತೂ ಅಸ್ಪಷ್ಟ. ಹೀಗಿದ್ದ ಹುಡುಗನು ದೇಶದ ಅಗ್ರಗಣ್ಯ ಭಾಷಣಕಾರನಾದುದು ಅಭ್ಯಾಸಬಲದಿಂದ. ಆ್ಯಮ್‌ಹರ್ಸ್ಟ್ ಎಂಬ ಊರಿನ ಪಾಠಶಾಲೆಯಲ್ಲಿ ಉಚ್ಚಾರಣೆ, ಧ್ವನಿಯ ಏರಿಳಿತ, ಹಾವಭಾವ ಇವುಗಳಲ್ಲಿ ಆತನಿಗೆ ಕ್ರಮವಾದ ಶಿಕ್ಷಣ ದೊರೆಯಿತು. ಒಂದೊಂದು ಸ್ವರವನ್ನೂ ಒಂದೊಂದು ಕೈಸನ್ನೆಯನ್ನೂ ಬೇಸರಿಸದೆ ಮತ್ತೆ ಮತ್ತೆ ಸಾಧಿಸಿ ಆತನು ನಾಲಿಗೆಯನ್ನು ಪಳಗಿಸಿಕೊಂಡನು. ಮಾತು ಬಾರದೆಂದು ಹಿಂಜರಿಯುವ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

1834ರಲ್ಲಿ ಆ್ಯಮ್‌ಹರ್ಸ್ಟ್ ಕಾಲೇಜಿನ ವ್ಯಾಸಂಗವನ್ನು ಮುಗಿಸಿ ಹೆನ್ರಿಯು ಸಿನ್ಸಿನಾಟಿ ಪಟ್ಟಣದ ಲೇನ್ ಧರ್ಮಶಾಸ್ತ್ರ ವಿದ್ಯಾಲಯವನ್ನು ಸೇರಿದನು. ತಂದೆಯೇ ಅದರ ಅಧ್ಯಕ್ಷ. ಅದೇ ವರ್ಷ ಆ ವಿದ್ಯಾಲಯದ ವಿದ್ಯಾರ್ಥಿಗಳು ಗುಲಾಮಗಿರಿಯ ವಿಷಯವಾಗಿ ಅನೇಕ ರಾತ್ರಿಗಳ ಕಾಲ ಚರ್ಚೆ ನಡೆಸಿದ್ದರು; ಆಡಳಿತ ಮಂಡಲಿಯು ಅಂತಹ ಚರ್ಚೆಯನ್ನು ನಿಷೇಧಿಸಿದಾಗ ಬಹುಮಂದಿ ವಿದ್ಯಾಲಯವನ್ನೇ ತೊರೆದು ಹೋದರು. 1836ರಲ್ಲಿ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಪತ್ರಿಕೆಯೊಂದರ ಮುದ್ರಣಾಲಯವನ್ನು ಅದೇ ಪಟ್ಟಣದಲ್ಲಿ ದೊಂಬಿಯವರು ಧ್ವಂಸಮಾಡಿದರು. ಓಹಾಯೋ ನದಿಯ ಈಚೆ ದಡದಲ್ಲಿ ಸಿನ್ಸಿನಾಟಿ, ಆಚೆ ದಡದಲ್ಲಿ ಗುಲಾಮರನ್ನಿಟ್ಟುಕೊಂಡ ಕೆಂಟಕಿ. ಸ್ವಾತಂತ್ರ್ಯಕ್ಕೂ ದಾಸ್ಯಕ್ಕೂ ನಡುವೆ ಇದ್ದುದು ಒಂದು ನದಿ ಮಾತ್ರ. ಗಡಿನಾಡಿನಲ್ಲಿ ವಾಸಿಸುವವರಿಗೆ, ಒಂದು ಗೆರೆಯ ಈಚೆಗೊಂದು ಆಚೆಗೊಂದು ಕಟ್ಟಳೆಯಿರುವುದೆಂದರೇನೆಂದು ಹೇಳಿ ತಿಳಿಸಬೇಕಾಗಿಲ್ಲ. ಆದರೆ ಇಲ್ಲಿ ಆ ಗೆರೆಯನ್ನು ದಾಟುವುದು ಜೀವನ್ಮರಣಗಳ ಪ್ರಶ್ನೆಯಾಗಿತ್ತು.

ಪ್ಲಿಮತ್ ಚರ್ಚಿನ ಉಪದೇಶಕ

1837ರಲ್ಲಿ ವ್ಯಾಸಂಗ ಮುಗಿಸಿ, ಅದೇ ವರ್ಷ ಯೂನಿಸ್ ಬುಲಾರ್ಡಳನ್ನು ವಿವಾಹವಾಗಿ, ಬೀಚರನು ಇಂಡಿಯಾನಾ ಸಂಸ್ಥಾನದ ಲಾರೆನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿಯೂ 1839ರಿಂದ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿಯೂ ಉಪದೇಶಕನಾಗಿದ್ದನು. ಅಲ್ಲಿ ಆತನು ಗುಲಾಮಗಿರಿಯ ವಿಷಯದಲ್ಲಿ ಬಹುಕಾಲ ಎಚ್ಚರಿಕೆಯ ಮೌನವನ್ನೇ ವಹಿಸಿದ್ದನೆಂಬುದನ್ನು ಮರೆಮಾಚಬೇಕಾಗಿಲ್ಲ. ಆತನ ಧೈರ್ಯವು ಆತನ ಕೀರ್ತಿಯೊಡನೆ ಬೆಳೆಯಿತು.

1847ರಲ್ಲಿ ನ್ಯೂಯಾರ್ಕಿಗೆ ಎದುರಾಗಿರುವ ಬ್ರೂಕ್ಲಿನ್ ಪಟ್ಟಣದಲ್ಲಿ ಹೊಸದಾಗಿ ಸ್ಥಾಪಿತವಾದ ಪ್ಲಿಮತ್ ಚರ್ಚಿನವರು ಆತನನ್ನು ಬರಮಾಡಿಕೊಂಡರು. 1849ರಲ್ಲಿ ಕಟ್ಟಡಕ್ಕೆ ಬೆಂಕಿ ತಗಲಿದ ಮೇಲೆ ಕೆಂಪು ಇಟ್ಟಿಗೆಯ ಹೊಸ ಮಂದಿರವನ್ನು ಕಟ್ಟಿದರು. ಅದರ ರಚನೆಯಲ್ಲಿ ಬೀಚರನ ಇಚ್ಛೆಯು ಎದ್ದುಕಾಣುತ್ತದೆ. ಎತ್ತರದ ಕಟಾಂಜನದೊಳಗೆ ನಿಂತು ಬೋಧಿಸುವ ಪದ್ಧತಿಯನ್ನು ಆತನು ಬಿಟ್ಟುಕೊಟ್ಟನು. ಜನರು ಸುತ್ತಲೂ ಅರ್ಧಚಂದ್ರಾಕಾರವಾಗಿ ಕುಳಿತಿರಬೇಕು, ತಾನು ಅವರ ನಡುವಿನ ವೇದಿಕೆಯ ಮೇಲೆ ಅತ್ತಿತ್ತ ಸುಳಿದಾಡುತ್ತ ಮಾತನಾಡಬೇಕು ಎಂಬುದು ಆತನ ಕ್ರಮ. ನಮ್ಮ ಹರಿಕಥಾದಾಸರನ್ನು ಕಂಡವರಿಗೆ ಈ ಕ್ರಮದ ಸೊಗಸು ಸುಲಭವಾಗಿ ತಿಳಿಯುತ್ತದೆ. ಬೀಚರನು ಕಥೆ ಹೇಳುವನು, ಅನುಕರಣ ಮಾಡಿ ತೋರಿಸುವನು, ನಗಿಸುವನು, ಮರುಗಳಿಗೆಯಲ್ಲಿ ಅಳಿಸುವನು. ತಂದೆಯ ನರಕಭೀತಿಯ ಬೋಧನೆಯನ್ನು ಕೈಬಿಟ್ಟು ದೇವರ ಪ್ರೀತಿಯನ್ನು ಕುರಿತು ಬೋಧಿಸುವನು. ಈಸ್ಟ್ ನದಿಗೆ ಆಗ ಸೇತುವೆಯಿರಲಿಲ್ಲ. ಬ್ರೂಕ್ಲಿನ್ ಸೇತುವೆಯು ತೆರೆದುದು 1883ರಲ್ಲಿ. ಭಾನುವಾರದಂದು ನ್ಯೂಯಾರ್ಕಿನಿಂದ ನದಿ ದಾಟಿ ಬರುವ ದೋಣಿಗಳು ಈತನ ಶ್ರೋತೃಗಳಿಂದಲೇ ತುಂಬಿರುತ್ತಿದ್ದುವಾದ್ದರಿಂದ ಜನರು ಅವಕ್ಕೆ ‘ಬೀಚರನ ದೋಣಿಗಳು’ ಎಂದೇ ಹೆಸರಿಟ್ಟರು. 1860ನೆಯ ಫೆಬ್ರವರಿ 26ರಂದು ಅಬ್ರಹಾಂ ಲಿಂಕನನೂ ಆ ಶ್ರೋತೃಗಳ ನಡುವೆ ಕುಳಿತಿದ್ದನು. ಮರುದಿನವೇ ನ್ಯೂಯಾರ್ಕಿನಲ್ಲಿ ಆತನು ಮಾಡಿದ ಭಾಷಣವು ಆತನನ್ನು ರಾಷ್ಟ್ರಾಧ್ಯಕ್ಷ ಪದವಿಯ ದಾರಿಗೆ ತಂದಿತು.

ವಿಚಿತ್ರವಾದ ಹರಾಜು

ಬೀಚರನಿಗೆ ಅಪಾರ ಕೀರ್ತಿಯನ್ನು ತಂದುದು ಆತನು ನಡೆಸಿದ ಒಂದು ವಿಚಿತ್ರವಾದ ಹರಾಜು. 1848ರಲ್ಲಿ ವಾಷಿಂಗ್ಟನ್ ನಗರದಿಂದ ಹಡಗಿನಲ್ಲಿ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದ ಗುಲಾಮರಲ್ಲಿ ಮೇರಿ, ಎಮಿಲಿ ಎಂಬ ಎಡ್ಮನ್‌ಸನ್ ವಂಶದ ಇಬ್ಬರು ಅಕ್ಕತಂಗಿಯರಿದ್ದರು. ಅವರನ್ನು ದಕ್ಷಿಣದ ದೂರದೇಶಕ್ಕೆ ಮಾರಿಬಿಡುವುದೆಂದು ವ್ಯಾಪಾರಿಯು ನಿಶ್ಚಯಿಸಿದ್ದನು. ಬಿಡುಗಡೆಗೆ ಆತನು ಕೇಳಿದ ಮೊಬಲಗು 2,250 ಡಾಲರು. ವೃದ್ಧನಾದ ತಂದೆಯು ನ್ಯೂಯಾರ್ಕಿಗೆ ಬಂದು ಮೊರೆಯಿಟ್ಟನು. ಬೀಚರನು ಬ್ರಾಡ್‌ವೇ ಟ್ಯಾಬರ್ನ್ಯಾಕಲ್ ಎಂಬ ಸಭಾಮಂದಿರದ ವೇದಿಕೆಯನ್ನೇರಿ, ತಾನೇ ಹರಾಜು ಕೂಗುವವನಂತೆ ನಟಿಸಿ, ಮನುಷ್ಯರನ್ನು ಮಾರುವ ಬಗೆಯನ್ನು ಸಭಿಕರ ಕಣ್ಣಿಗೆ ಕಟ್ಟಿದನು. ಜನರು ತತ್ತರಿಸಿದರು, ಹಣ ಕೂಡಿತು. ಅದೇ ವರ್ಷದ ನವೆಂಬರಿನಲ್ಲಿ ಅಕ್ಕತಂಗಿಯರು ಸ್ವತಂತ್ರರಾದರು. ಅವರನ್ನು ಓದಿಸುವುದಕ್ಕೆ ಹ್ಯಾರಿಯೆಟ್ ಬೀಚರ್ ಸ್ಟೋವ್ ಮುಂದೆ ನೆರವಾದಳು.

ಇಂತಹ ‘ಹರಾಜು’ಗಳನ್ನು ಬೀಚರನು ಅನಂತರ ತನ್ನ ಚರ್ಚಿನಲ್ಲಿಯೇ ನಡೆಸಿದನು. ಅವುಗಳಲ್ಲಿ 1860ನೆಯ ಫೆಬ್ರವರಿ 5ರಂದು ನಡೆದುದು ಪ್ರಸಿದ್ಧವಾದುದು. ಪಿಂಕಿ ಎಂದು ಕರೆಯಲ್ಪಡುತ್ತಿದ್ದ ಒಂಬತ್ತು ವರ್ಷದ ಬಾಲಿಕೆ. ಬೆಲೆ 900 ಡಾಲರು. ಬೀಚರನು ಆ ಮಗುವನ್ನು ಕೈಹಿಡಿದು ವೇದಿಕೆಯ ಮೇಲೆ ನಿಲ್ಲಿಸಿದನು. ಕಾಣಿಕೆಯ ತಟ್ಟೆಗಳು ಸುತ್ತಿ ಬಂದಾಗ ಬೇಕಾದ ಹಣವೂ ಅದಕ್ಕಿಂತ ಹೆಚ್ಚಿನದೂ ಕೂಡಿತ್ತು. ರೋಸ್ ಟೆರಿ ಎಂಬ ಲೇಖಕಿಯು ತನ್ನ ಬೆರಳಿನ ಉಂಗುರವನ್ನೇ ತಟ್ಟೆಗೆ ಹಾಕಿದ್ದಳು. ಬೀಚರನು ಆ ಉಂಗುರವನ್ನು ಮಗುವಿನ ಬೆರಳಿಗೆ ತೊಡಿಸಿ, ಇದು ನಿನ್ನ ಸ್ವಾತಂತ್ರ್ಯದ ಗುರುತು ಎಂಬರ್ಥದ ಮಾತನ್ನಾಡಿದನು. ದಾನಿಯಾದ ಲೇಖಕಿಯ ಹೆಸರನ್ನೂ ಉಪದೇಶಕನ ಹೆಸರನ್ನೂ ಸೇರಿಸಿ ಬಾಲಿಕೆಗೆ ರೋಸ್ ವಾರ್ಡ್ ಎಂದು ಹೊಸ ಹೆಸರಿಟ್ಟರು. ಈಸ್ಟ್‌ಮನ್ ಜಾನ್‌ಸನ್ ಎಂಬ ಚಿತ್ರಕಾರನು ಉಂಗುರವನ್ನು ನೋಡುತ್ತ ಕುಳಿತ ಆ ಮಗುವಿನ ಚಿತ್ರವನ್ನು ಬರೆದನು. ಅರವತ್ತೇಳು ವರ್ಷಗಳ ಬಳಿಕ, 1927ರಲ್ಲಿ, ರೋಸ್ ವಾರ್ಡ್ ಹಂಟ್ ಎಂಬ ವೃದ್ಧ ಗೃಹಿಣಿಯಾಗಿ ಆಕೆಯು ಅದೇ ಚರ್ಚಿಗೆ ಬಂದು ಅದೇ ವೇದಿಕೆಯ ಬಳಿ ಜನರನ್ನುದ್ದೇಶಿಸಿ ಮಾತನಾಡಿದಳು.

ಈ ಕಾರ್ಯಕ್ಕೆ ಆಕ್ಷೇಪಗಳೂ ಇದ್ದುವು. ಹಣ ತೆತ್ತು ಬಿಡಿಸುವುದೆಂದರೆ ಮನುಷ್ಯನು ಆಸ್ತಿಯೆಂಬ ಒಡೆಯನ ವಾದವನ್ನು ಒಪ್ಪಿಕೊಂಡಂತೆಯೇ ಅಲ್ಲವೆ? ಆ ಹಣದಿಂದ ಗುಲಾಮರ ವ್ಯಾಪಾರಿಗೇ ಲಾಭವಾಯಿತಲ್ಲವೆ? ಒಬ್ಬ ಬಾಲಿಕೆಯನ್ನು ಬಿಡಿಸಿ ಕಣ್ಣೀರು ಸುರಿಸಿದ ಶ್ರೀಮಂತರು ಉಳಿದ ಲಕ್ಷಾಂತರ ಜನರನ್ನು ಮರೆತು ಸಮಾಧಾನದಿಂದ ಮನೆಗೆ ಹೋದರಲ್ಲವೆ? ದಾಸ್ಯವಿಮೋಚನೆಯ ಪಕ್ಷದಲ್ಲಿದ್ದ ಕಟ್ಟಾ ತತ್ತ್ವನಿಷ್ಠರು ಇಂತಹ ಪ್ರಶ್ನೆಗಳನ್ನೆತ್ತಿದರು. ಪ್ರಶ್ನೆಗಳು ನ್ಯಾಯವಾದುವೇ. ಆದರೆ ವೇದಿಕೆಯ ಮೇಲೆ ನಿಂತ ಒಂಬತ್ತು ವರ್ಷದ ಮಗುವಿಗೆ ತತ್ತ್ವದ ತೀರ್ಮಾನವಾಗುವ ವರೆಗೆ ಕಾದಿರೆಂದು ಹೇಳುವವರಾರು? ಎರಡು ಪಕ್ಷದ ಮಾತಿನಲ್ಲಿಯೂ ಸತ್ಯವುಂಟೆಂದು ನಮಗೆ ತೋರುತ್ತದೆ.

ಬೈಬಲೂ ಬಂದೂಕೂ

ಗುಲಾಮಗಿರಿಯನ್ನು ಆ ಕ್ಷಣವೇ ಎಲ್ಲೆಡೆಯೂ ರದ್ದುಮಾಡಬೇಕೆಂಬ ತೀವ್ರವಾದಿಗಳ ಗುಂಪಿಗೆ ಬೀಚರನು ಸೇರಿದವನಲ್ಲ. ಅದು ಹೊಸ ಪ್ರದೇಶಗಳಿಗೆ ಹಬ್ಬದಂತೆ ತಡೆದರೆ ತಾನಾಗಿಯೇ ಕ್ಷೀಣಿಸುವುದೆಂದು ಆತನ ನಂಬಿಕೆಯಾಗಿತ್ತು. ಆದರೂ 1850ರಲ್ಲಿ ತೀವ್ರವಾದಿಯಾದ ವೆಂಡೆಲ್ ಫಿಲಿಪ್ಸನ ಭಾಷಣಕ್ಕೆ ನ್ಯೂಯಾರ್ಕಿನ ಸಭಾಮಂದಿರಗಳ ಬಾಗಿಲು ಮುಚ್ಚಿದಾಗ ತನ್ನ ಚರ್ಚಿನ ಬಾಗಿಲನ್ನು ತೆರೆದವನು ಬೀಚರನೇ. ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸುವುದು ಉತ್ತರದವರ ಕರ್ತವ್ಯವೆಂದು ಅದೇ ವರ್ಷ ಶಾಸನವಾದಾಗ, ಅಂತಹ ಶಾಸನವನ್ನು ಪಾಲಿಸಲಾಗದೆಂದು ಆತನು ಬಹಿರಂಗವಾಗಿ ಸಾರಿದನು.

1854ರ ಶಾಸನವೊಂದು ಕ್ಯಾನ್ಸಸ್ ಪ್ರದೇಶದಲ್ಲಿ ಗುಲಾಮಗಿರಿಯಿರಬೇಕೆ ಬೇಡವೆ ಎಂಬುದನ್ನು ಅಲ್ಲಿನ ನಿವಾಸಿಗಳ ಮತಕ್ಕೆ ಬಿಟ್ಟುಕೊಟ್ಟಿತು. ಉಭಯ ಪಕ್ಷದವರೂ ಅಲ್ಲಿ ನೆಲಸಲು ನುಗ್ಗಿದರು, ರಕ್ತಪಾತವಾಯಿತು. 1856ರಲ್ಲಿ ಕನೆಕ್ಟಿಕಟ್ಟಿನ ನ್ಯೂ ಹೇವನ್ ಪಟ್ಟಣದಿಂದ ಕ್ಯಾನ್ಸಸ್ಸಿಗೆ ಹೊರಟ ತಂಡವೊಂದಕ್ಕೆ ಶಾರ್ಪ್ಸ್ ಬಂದೂಕುಗಳನ್ನು ಒದಗಿಸಲು ಸೇರಿದ ಸಭೆಯಲ್ಲಿ ಬೀಚರನು ಮಾತನಾಡಿ, ಸಭಿಕರು ಇಪ್ಪತ್ತೈದು ಬಂದೂಕುಗಳನ್ನು ಕೊಟ್ಟರೆ ತನ್ನ ಚರ್ಚಿನಿಂದ ಇನ್ನಿಪ್ಪತ್ತೈದನ್ನು ಕೊಡಿಸುವೆನೆಂದನು. ಬಂದೂಕುಗಳೊಡನೆ ಬೈಬಲುಗಳೂ ಹೋದುವು. ಅಲ್ಲಿಂದ ಮುಂದೆ ಆ ಬಂದೂಕುಗಳಿಗೆ ‘ಬೀಚರನ ಬೈಬಲುಗಳು’ ಎಂಬ ಅಡ್ಡಹೆಸರು ಬಂದಿತು. ಶಾಂತಿಯ ಧರ್ಮವನ್ನು ಬೋಧಿಸುವವನು ಆಯುಧ ಸಂಗ್ರಹಿಸಬಹುದೆ ಎಂದು ವಿರೋಧಿಗಳು ಹಳಿದರು. ನಿರಾಯುಧರನ್ನು ಕೊಲ್ಲುವಾಗ ಬರಿಯ ಬೋಧನೆ ಮಾಡುತ್ತ ಕೂಡಬಹುದೆ ಎಂದು ಬೆಂಬಲಿಗರು ಕೇಳಿದರು. ಆ ತಂಡದವರು ವಬಾನ್ಸೀ ಎಂಬಲ್ಲಿ ನೆಲಸಿ 1862ರಲ್ಲಿ ಕಲ್ಲಿನ ಚರ್ಚೊಂದನ್ನು ಕಟ್ಟಿದರು.

ಹತ್ತಿಯ ನಾಡಿನಲ್ಲಿ

1861ರಲ್ಲಿ ಉತ್ತರ ದಕ್ಷಿಣಗಳ ನಡುವೆ ಯುದ್ಧವು ಪ್ರಾರಂಭವಾಯಿತು. ದಕ್ಷಿಣದ ರೇವುಗಳನ್ನು ಉತ್ತರದ ನೌಕೆಗಳು ಮುತ್ತಿದುದರಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಲ್ಯಾಂಕಷೈರಿನ ಗಿರಣಿಗಳು ಮುಚ್ಚಿ ಕಾರ್ಮಿಕರು ಉಪವಾಸ ಬಿದ್ದರು. ಇದರ ಪರಿಣಾಮವು ನಮ್ಮ ನಾಡಿಗೂ ತಟ್ಟಿತು. ಹಿಂದೂಸ್ಥಾನದ ಹತ್ತಿಗೆ ಬೇಡಿಕೆ ಹೆಚ್ಚಿ ಧಾರವಾಡ ಸೀಮೆಯಲ್ಲಿಯೂ, ಆದವಾನಿಯನ್ನು ಆಗ ಒಳಗೊಂಡಿದ್ದ ಬಳ್ಳಾರಿ ಸೀಮೆಯಲ್ಲಿಯೂ ಹತ್ತಿಯ ಧಾರಣೆಯು ಏರಿತು. 1865ರಲ್ಲಿ ಯುದ್ಧ ಮುಗಿದೊಡನೆ ಕುಸಿಯಿತು. ಕಪ್ಪು ಮಣ್ಣಿನ ನಮ್ಮ ರೈತನ ಹೊಲಕ್ಕೂ ಸಾವಿರಾರು ಹರದಾರಿ ದೂರದ ಗುಲಾಮನ ಸಂಕೋಲೆಗೂ ಹೀಗೆ ಸಂಬಂಧವೇರ್ಪಟ್ಟಿತ್ತು.

ಹತ್ತಿಯ ಆಸೆಯಿಂದ ಇಂಗ್ಲೆಂಡು ದಕ್ಷಿಣದ ಪಕ್ಷವನ್ನು ವಹಿಸೀತೆಂಬ ಭಯವು ಉತ್ತರದವರಿಗಿತ್ತು. ಗುಲಾಮರ ಬಿಡುಗಡೆಗೆ ಲಿಂಕನನು ತಡಮಾಡುತ್ತಿದ್ದಾನೆಂದು ಅಲ್ಲಿಯ ವರೆಗೆ ಪತ್ರಿಕೆಯಲ್ಲಿ ಟೀಕಿಸುತ್ತಿದ್ದ ಬೀಚರನು, 1863ನೆಯ ಜನವರಿ 1ರಂದು ವಿಮೋಚನೆಯ ಘೋಷಣೆ ಹೊರಟ ಮೇಲೆ ಅದರ ಪರವಾಗಿ ನಿಂತನು. ಅದೇ ವರ್ಷದ ಅಕ್ಟೋಬರಿನಲ್ಲಿ ಆತನು ಮ್ಯಾಂಚೆಸ್ಟರ್, ಗ್ಲಾಸ್ಗೋ, ಎಡಿನ್‌ಬರೋ, ಲಿವರ್‌ಪೂಲ್, ಲಂಡನ್ ಈ ಐದು ನಗರಗಳಲ್ಲಿ ಭಾಷಣ ಮಾಡಿದನು. ಹತ್ತಿಯ ವ್ಯಾಪಾರವೇ ಜೀವಾಳವಾದ ಲಿವರ್‌ಪೂಲಿನಲ್ಲಿ ಸಭೆಯನ್ನು ಕೆಡಿಸಲೆಂದೇ ಜನರು ಬಂದಿದ್ದರು. ಕೂಗು, ಸಿಳ್ಳು, ಕಾಲುಬಡಿತಗಳ ನಡುವೆ ಬೀಚರನು ಗಂಟೆಗಟ್ಟಲೆ ನಿಂತನು. ಗದ್ದಲ ಇಳಿದಾಗ ಒಂದು ವಾಕ್ಯ, ಏರಿದಾಗ ತಾಳ್ಮೆ, ಕೂಗಿದವನಿಗೆ ಒಂದು ಹಾಸ್ಯದ ಉತ್ತರ; ಹೀಗೆ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದನು. ಇಂಗ್ಲೆಂಡಿನ ರಾಜನೀತಿಯನ್ನು ಬೀಚರನೊಬ್ಬನೇ ತಿರುಗಿಸಿದನೆಂದು ಅಭಿಮಾನಿಗಳು ಹೇಳಿದುದು ಅತಿಶಯೋಕ್ತಿ. ಆತನು ಬರುವುದಕ್ಕೆ ಮೊದಲೇ, 1862ರ ಕೊನೆಯಲ್ಲಿ, ಮ್ಯಾಂಚೆಸ್ಟರಿನ ಕಾರ್ಮಿಕರು ಹಸಿವನ್ನು ಸಹಿಸಿಯೂ ಲಿಂಕನನಿಗೆ ಬೆಂಬಲದ ಪತ್ರವನ್ನು ಬರೆದಿದ್ದರು. ಆದರೂ ಕೆರಳಿದ ಸಭೆಯ ಮುಂದೆ ಕೆರಳದೆ ನಿಲ್ಲುವ ಆ ಶಕ್ತಿಯು ವಾಗ್ಮಿಯ ಗುಣಗಳಲ್ಲಿ ಅತಿದುರ್ಲಭವಾದುದು.

ಯುದ್ಧದ ಮೊದಲ ಗುಂಡು ಹಾರಿದುದು ಫೋರ್ಟ್ ಸಂಟರ್ ಕೋಟೆಯ ಮೇಲೆ. 1865ನೆಯ ಏಪ್ರಿಲ್ 14ರಂದು ಅಲ್ಲಿ ರಾಷ್ಟ್ರಧ್ವಜವನ್ನು ಪುನಃ ಏರಿಸಿದಾಗ ಮುಖ್ಯ ಭಾಷಣವನ್ನು ಮಾಡಲು ಸರಕಾರವು ಬೀಚರನನ್ನೇ ಆರಿಸಿತು. ಆತನ ಜೀವನದ ಉನ್ನತ ಶಿಖರವಿದು. ಅದೇ ರಾತ್ರಿ ವಾಷಿಂಗ್ಟನ್ನಿನಲ್ಲಿ ಲಿಂಕನನು ಗುಂಡೇಟಿಗೆ ಗುರಿಯಾದನು.

ಇಳಿಗಾಲ

ಯುದ್ಧಾನಂತರ ಸೋತ ದಕ್ಷಿಣವನ್ನು ಬೇಗನೆ ಕ್ಷಮಿಸಿ ಒಳಗೆ ಸೇರಿಸಿಕೊಳ್ಳಬೇಕೆಂದು ಬೀಚರನು 1866ರಲ್ಲಿ ಬಹಿರಂಗ ಪತ್ರವೊಂದನ್ನು ಬರೆದನು. ಕ್ಷಮೆಯು ದೊಡ್ಡ ಗುಣ. ಆದರೆ ಅದೇ ಕಾಲದಲ್ಲಿ ದಕ್ಷಿಣದ ಸಂಸ್ಥಾನಗಳು ಆಗತಾನೆ ಬಿಡುಗಡೆ ಹೊಂದಿದವರನ್ನು ಪುನಃ ಕಟ್ಟಿಹಾಕುವ ಶಾಸನಗಳನ್ನು ಮಾಡುತ್ತಿದ್ದುವು. ನೊಂದವರ ರಕ್ಷಣೆಯು ನಿಶ್ಚಯವಾಗುವ ಮುನ್ನವೇ ನೋಯಿಸಿದವರನ್ನು ಕ್ಷಮಿಸಲು ಮೂರನೆಯವನಿಗೆ ಅಧಿಕಾರವೆಲ್ಲಿಯದು ಎಂದು ಆತನ ಸ್ವಂತ ಚರ್ಚಿನವರೇ ಅಸಮಾಧಾನಗೊಂಡರು. ಆತನ ಬಾಳಿನ ಅತಿದೊಡ್ಡ ತಪ್ಪು ಇದೇ ಎಂದು ನಾವು ಎಣಿಸುತ್ತೇವೆ. ಲೋಕವು ಮಾತ್ರ ಮುಂದಿನ ಪ್ರಕರಣವನ್ನೇ ಹೆಚ್ಚಾಗಿ ನೆನಪಿಟ್ಟಿದೆ.

ಥಿಯೋಡರ್ ಟಿಲ್ಟನ್ ಎಂಬವನು ಬೀಚರನ ಶಿಷ್ಯಪ್ರಾಯನಾದ ಪತ್ರಿಕಾಕರ್ತ. ಈತನ ಪತ್ನಿ ಎಲಿಜಬೆತ್ತಳೊಡನೆ ಬೀಚರನಿಗೆ ಅನುಚಿತ ಸಂಬಂಧವಿತ್ತೆಂದು 1872ರಲ್ಲಿ ವಿಕ್ಟೋರಿಯ ವುಡ್‌ಹಲ್ ಎಂಬ ಮಹಿಳೆಯು ತನ್ನ ವಾರಪತ್ರಿಕೆಯಲ್ಲಿ ಪ್ರಕಟಿಸಿದಳು. ಬರೆದ ಆಕೆಯೇ ಸೆರೆಮನೆ ಸೇರಬೇಕಾಯಿತು. ಮರುವರ್ಷ ನಿರ್ದೋಷಿಯೆಂದು ಬಿಡುಗಡೆ ಹೊಂದಿದಳು. ಬೀಚರನು ಆರೋಪವನ್ನು ಅಲ್ಲಗಳೆದನು. 1874ರಲ್ಲಿ ಚರ್ಚು ನೇಮಿಸಿದ ಸಮಿತಿಯು ಆತನು ನಿರಪರಾಧಿಯೆಂದಿತು. ಟಿಲ್ಟನನು ಒಂದು ಲಕ್ಷ ಡಾಲರುಗಳ ಪರಿಹಾರ ಬೇಡಿ ದಾವೆ ಹೂಡಿದನು. 1875ರ ಜನವರಿಯಿಂದ ಜುಲೈವರೆಗೆ ನಡೆದ ವಿಚಾರಣೆಯನ್ನು ದೇಶವೆಲ್ಲ ಪತ್ರಿಕೆಗಳಲ್ಲಿ ಓದಿತು. ಕೊನೆಗೆ ಜ್ಯೂರಿಯಲ್ಲಿ ಒಂಬತ್ತು ಮಂದಿ ಬೀಚರನ ಪರವಾಗಿಯೂ ಮೂವರು ವಿರೋಧವಾಗಿಯೂ ನಿಂತುದರಿಂದ ತೀರ್ಪೇ ಆಗಲಿಲ್ಲ.

ಈ ಪ್ರಕರಣದಲ್ಲಿ ನಮ್ಮ ಗಮನವನ್ನು ಸೆಳೆಯಬೇಕಾದವಳು ಎಲಿಜಬೆತ್. ಆಕೆಯು ಒಮ್ಮೆ ಒಪ್ಪಿಕೊಂಡಳು, ಒಮ್ಮೆ ನಿರಾಕರಿಸಿದಳು, 1878ರಲ್ಲಿ ಪುನಃ ಒಪ್ಪಿಕೊಂಡಳು. ಇಬ್ಬರು ಪ್ರಬಲ ಪುರುಷರ ನಡುವೆ ಸಿಕ್ಕಿದ ಆಕೆಯ ಸಾಕ್ಷ್ಯವನ್ನು ನ್ಯಾಯಸ್ಥಾನವು ಕೇಳಲೇ ಇಲ್ಲ. ಚರ್ಚಿನವರು ಆಕೆಯನ್ನು ಹೊರಹಾಕಿದರು. ಟಿಲ್ಟನನು ದೇಶವನ್ನೇ ಬಿಟ್ಟು ಪ್ಯಾರಿಸ್ಸಿಗೆ ಹೋದನು. ಬೀಚರನು ಮಾತ್ರ ತನ್ನ ವೇದಿಕೆಯ ಮೇಲೆಯೇ ಉಳಿದನು. ಖರ್ಚಿಗೆಂದು ಆತನ ಸಭೆಯವರು ಹಣವನ್ನೂ ಕೂಡಿಸಿಕೊಟ್ಟರು. ಮಾತುಬಲ್ಲವನ ಮಾತನ್ನು ಎಲ್ಲರೂ ಕೇಳಿದರು. ಮಾತಿಗೆ ಅವಕಾಶವೇ ಇಲ್ಲದವಳು ಮೌನದಲ್ಲಿ ಮುಳುಗಿದಳು. ದನಿಯಿಲ್ಲದವರಿಗೆ ದನಿಯಾದೆನೆಂದು ಹೆಸರು ಪಡೆದವನ ಬಾಳಿನಲ್ಲಿ ಹೀಗಾದುದು ವಿಷಾದಕರ.

1877ರ ರೈಲ್ವೆ ಮುಷ್ಕರದ ಕಾಲದಲ್ಲಿ, ದಿನಕ್ಕೊಂದು ಡಾಲರು ದುಡಿಯುವ ಸಂಸಾರಿಯು ರೊಟ್ಟಿ ನೀರಿನಲ್ಲಿ ತೃಪ್ತನಾಗಬೇಕೆಂಬ ಅರ್ಥದ ಮಾತನ್ನಾಡಿ ಬೀಚರನು ಬಡವರ ಕೋಪಕ್ಕೂ ಗುರಿಯಾದನು. ವರ್ಷಕ್ಕೆ 20,000 ಡಾಲರು ಸಂಬಳ ಪಡೆಯುವವನ ಬಾಯಲ್ಲಿ ಆ ಮಾತು ಯಾರಿಗೆ ಸೇರೀತು? ಆದರೆ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಬೇಕೆಂದು 1869ರಲ್ಲಿ ಸ್ಥಾಪಿತವಾದ ಒಂದು ರಾಷ್ಟ್ರೀಯ ಸಂಘಕ್ಕೆ ಮೊದಲ ಅಧ್ಯಕ್ಷನಾದವನೂ, ಡಾರ್ವಿನ್ನನ ವಿಕಾಸವಾದಕ್ಕೂ ದೈವಭಕ್ತಿಗೂ ವೈರವಿಲ್ಲವೆಂದು 1885ರಲ್ಲಿ ಗ್ರಂಥ ಬರೆದು ಸಾರಿದವನೂ ಆತನೇ. 1887ನೆಯ ಮಾರ್ಚ್ 8ರಂದು ಮಿದುಳಿನ ರಕ್ತಸ್ರಾವದಿಂದ ಬೀಚರನು ನಿಧನನಾದನು. 1891ರಲ್ಲಿ ಬ್ರೂಕ್ಲಿನ್ನಿನಲ್ಲಿ ನಿಲ್ಲಿಸಿದ ಆತನ ಕಂಚಿನ ಪ್ರತಿಮೆಯ ಪೀಠದಲ್ಲಿ ಆಫ್ರಿಕ ಮೂಲದ ಬಾಲಿಕೆಯೊಬ್ಬಳು ಆತನ ಪಾದದ ಬಳಿ ಗರಿಯೊಂದನ್ನು ಅರ್ಪಿಸುತ್ತಿದ್ದಾಳೆ.

ನಾವು ಅರಿಯಬೇಕಾದುದು

ಇಂತಹ ಚರಿತ್ರೆಯನ್ನು ಓದಿದಾಗ ಎರಡು ಬಗೆಯ ಅವಸರದ ತೀರ್ಮಾನಗಳಿಗೆ ನಮ್ಮ ಮನಸ್ಸು ಎಳೆಯುತ್ತದೆ. ಇಷ್ಟು ಉಪಕಾರ ಮಾಡಿದವನ ದೋಷಗಳನ್ನು ಎತ್ತಲೇಬಾರದೆಂಬುದು ಒಂದು. ಇಷ್ಟು ದೋಷವಿದ್ದವನ ಉಪಕಾರವೆಲ್ಲ ಬೂಟಾಟಿಕೆಯೆಂಬುದು ಇನ್ನೊಂದು. ಎರಡೂ ತಪ್ಪು. ಗುಲಾಮಗಿರಿಯು ಅಧರ್ಮವೆಂಬ ಸತ್ಯವು ಬೀಚರನ ಶೀಲವನ್ನು ನಂಬಿ ನಿಂತುದಲ್ಲ. ಆತನು ಹುಟ್ಟದೆ ಇದ್ದರೂ ಅದು ಸತ್ಯವೇ. ಹಾಗೆಯೇ, ಮಹಾಸತ್ಯವೊಂದನ್ನು ಸಾರಿದವನೆಂಬ ಕಾರಣಕ್ಕೆ ತನ್ನ ನಡತೆಯ ಲೆಕ್ಕವನ್ನು ಒಪ್ಪಿಸುವ ಹೊಣೆಯಿಂದ ಯಾರಿಗೂ ವಿನಾಯಿತಿಯಿಲ್ಲ.

ಮಕ್ಕಳು ಒಳ್ಳೆಯ ಮಾತುಗಾರರಾಗಲಿ. ಅಸ್ಪಷ್ಟವಾಗಿ ನುಡಿಯುತ್ತಿದ್ದ ಹುಡುಗನು ಅಭ್ಯಾಸದಿಂದ ವಾಗ್ಮಿಯಾದುದು ಅವರಿಗೆ ಉತ್ಸಾಹವನ್ನು ಕೊಡಲಿ. ಆದರೆ ವೇದಿಕೆಯನ್ನೇರುವಾಗಲೆಲ್ಲ, ಈ ಮಾತಿನಿಂದ ಯಾರ ಸಂಕೋಲೆ ಸಡಿಲವಾಯಿತು, ಮಾತನಾಡಲು ಅವಕಾಶವಿಲ್ಲದೆ ಕೆಳಗೆ ಉಳಿದವರಾರು ಎಂಬ ಎರಡು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಪೋಷಕರೂ ಮಕ್ಕಳ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಮೇಲೆ, ಮನೆಗೆ ಬಂದು, ಅವರು ಆಡಿದ ಮಾತಿನಂತೆ ನಡೆಯುವುದು ಹೇಗೆಂದು ಅವರೊಡನೆ ಕುಳಿತು ವಿಚಾರಿಸಲಿ. ಬಹುಮಾನದ ಲೋಟವು ಕಪಾಟಿನಲ್ಲಿ ಉಳಿಯುತ್ತದೆ. ಆಡಿದ ಮಾತಿನ ಋಣವು ಆಡಿದವನೊಡನೆಯೇ ಜೀವಮಾನವೆಲ್ಲ ನಡೆದುಬರುತ್ತದೆ.